ಬೆಳ್ಳಿಚುಕ್ಕಿ ನೌಕೆಗೆ ಬಟ್ಟೆ ಹೊಲಿದ ದಿನಗಳು

ಟಿವಿ ಧಾರಾವಾಹಿಗಳ ವಸ್ತ್ರ ವಿಭಾಗಕ್ಕೆ ಈಗ ಸೇರುತ್ತಿರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವ ಮಾತು ಇದು: ಬಾಹ್ಯಾಕಾಶಕ್ಕೆ ಹೋದರೂ ಮಕ್ಕಳಿಗೆ ಉಚ್ಚೆ ಬರುತ್ತದೆ.

ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಹೊಲಿದ ಮೊದಲ ಅಂತರಿಕ್ಷ ಉಡುಪಿಗೆ ಕುತ್ತಿಗೆಯಿಂದ ಸೊಂಟದವರೆಗೆ ಬೆನ್ನ ಮೇಲೆ ಸಾಲಾಗಿ ಹುಕ್ಕು ಇಟ್ಟಿದ್ದೆ. ಮುಂದಿನಿಂದ ನೋಡಿದರೆ ಒಂದು ಗೆರೆಯೂ ಕಾಣದು, ಅಷ್ಟು ಚೆಂದ. ತೊಡಿಸಲು ಇಬ್ಬರು ಬೇಕು, ಬಿಚ್ಚಲು ಮೂವರು. ಮೊದಲ ದಿನದ ಚಿತ್ರೀಕರಣದಲ್ಲಿ ನೌಕೆ ಭೂಮಿ ಬಿಟ್ಟು ಹಾರುವ ದೃಶ್ಯ. ಹತ್ತರಿಂದ ಹಿಂದಕ್ಕೆ ಎಣಿಸುವ ಕೆಲಸ ಮಂಜು ಎಂಬ ಪುಟ್ಟ ಹುಡುಗನದು. ಗಂಭೀರವಾಗಿ ಎಣಿಸುತ್ತ ಬಂದ. "ನಾಕು... ಮೂರು... ಎರಡು..." ಎಂದವನು ಗಕ್ಕನೆ ನಿಂತು ನನ್ನ ಕಡೆ ತಿರುಗಿ, "ಅಕ್ಕಾ, ಒಂದಕ್ಕ!" ಎಂದ.

ನಿರ್ದೇಶಕರು ತಾಳ್ಮೆಯಿಂದಲೇ ಹೇಳಿದರು: "ಒಂದಕ್ಕೆ ಅಲ್ಲ ಪುಟ್ಟಾ, ಬರೀ ಒಂದು ಅನ್ನು. ಇನ್ನೊಂದ್ಸಲ."

"ಇನ್ನೊಂದ ಸಲ ಆಗಂಗಿಲ್ರಿ ಸರ್," ಎಂದ ಮಂಜು.

ಆಗಲಿಲ್ಲ. ನಾವು ಹುಕ್ಕು ಬಿಚ್ಚುವಷ್ಟರಲ್ಲಿ ಉಡುಪು ಒಗೆಯಲು ಹಾಕುವ ಹಾಗಾಗಿತ್ತು. ಅಂದು ನೌಕೆ ಹಾರಲಿಲ್ಲ. ಮರುದಿನದಿಂದ ನನ್ನ ಅಂತರಿಕ್ಷ ಯಾತ್ರಿಕರೆಲ್ಲ ಮೇಲೊಂದು ಅಂಗಿ, ಕೆಳಗೊಂದು ಲಾಡಿ ಹಾಕಿದ ಚಡ್ಡಿ ತೊಟ್ಟರು. ಎರಡೂ ಸೇರುವ ಕಡೆ ಅಗಲ ಪಟ್ಟಿ ಕಟ್ಟಿ ಮುಚ್ಚಿದೆ. ನೋಡಿದವರು ಆ ಪಟ್ಟಿಯೊಳಗೆ ಏನೋ ಯಂತ್ರ ಇರಬೇಕು ಎಂದುಕೊಂಡರಂತೆ.

ಆಮೇಲೆ ನಿವೃತ್ತಿಯವರೆಗೂ ನಾನು ಬೇರೆ ಬೇರೆ ಧಾರಾವಾಹಿಗಳಿಗೆ ಬಟ್ಟೆ ಹೊಂದಿಸಿದೆ. ಅತ್ತೆಯರಿಗೆ ದೊಡ್ಡ ಅಂಚು, ಸೊಸೆಯರಿಗೆ ಸಣ್ಣ ಅಂಚು, ಕೆಟ್ಟ ನಾದಿನಿಗೆ ಕಡುಗೆಂಪು. ಅದರ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಕೆಲಸ ಕಲಿತದ್ದು ಮಾತ್ರ ಮಕ್ಕಳಿಗಾಗಿ ತೆಗೆದ 'ಬೆಳ್ಳಿಚುಕ್ಕಿ' ಎಂಬ ಆ ಅಂತರಿಕ್ಷ ಸಾಹಸದಲ್ಲಿ. ಓಣಿಗೊಂದು ಟಿವಿ ಇದ್ದ ಕಾಲ. ರವಿವಾರ ಬೆಳಿಗ್ಗೆ ಆ ಮನೆಯ ಮುಂದೆ ಚಪ್ಪಲಿಗಳ ರಾಶಿ. ಕಥೆ ಸರಳ. ಬೆಳ್ಳಿಚುಕ್ಕಿ ಎಂಬ ನೌಕೆ, ಅದಕ್ಕೊಬ್ಬ ಕ್ಯಾಪ್ಟನ್, ಜೊತೆಗೆ ಗೀತಾ, ಮಂಜು ಎಂಬ ಇಬ್ಬರು ಮಕ್ಕಳು. ವಾರಕ್ಕೊಂದು ಗ್ರಹ, ಗ್ರಹಕ್ಕೊಂದು ಸಂಕಟ. ಅದನ್ನು ಪರಿಹರಿಸಿ ಮುಂದಕ್ಕೆ ಹಾರುವುದು.

ಇದೆಲ್ಲ ನಮ್ಮ ಸೀಮೆಯಲ್ಲಿ ನಡೆದದ್ದಕ್ಕೆ ಕಾರಣ ಗಂಗಾವತಿಯ ಬಂಡೆಗಳು. ಬೆಂಗಳೂರಿನ ನಿರ್ದೇಶಕ ಮುರಳಿ ಸರ್ ಯಾವುದೋ ಮದುವೆಗೆ ಬಂದವರು ಆ ಗುಂಡುಗಲ್ಲುಗಳ ರಾಶಿ ನೋಡಿ, "ಇದು ಭೂಮಿ ಥರಾನೇ ಇಲ್ಲವಲ್ಲ!" ಎಂದು ಕೂಗಿದರಂತೆ. ಗಂಗಾವತಿಯ ಬೀಗರಿಗೆ ಸ್ವಲ್ಪ ಬೇಸರವೇ ಆಯಿತಂತೆ. ಸರ್ ಅಲ್ಲೇ ಮುಚ್ಚಿಹೋಗಿದ್ದ ಅಕ್ಕಿ ಗಿರಣಿಯ ಗೋದಾಮು ಹಿಡಿದರು. ದರ್ಜಿ ಬೇಕಾದಾಗ ಯಾರೋ ಕೊಪ್ಪಳದ ನಮ್ಮ ಅಪ್ಪನ ಹೆಸರು ಹೇಳಿದರು. ಅಪ್ಪ ನಾಟಕ ಕಂಪನಿಗಳಿಗೆ ಹೊಲಿಯುತ್ತಿದ್ದವರು. ಅಷ್ಟೊತ್ತಿಗೆ ಅವರ ಕಣ್ಣು ಮಂಜಾಗಿತ್ತು. ನನ್ನನ್ನು ಕಳಿಸಿದರು.

"ನಿಮಗೆ ಬಾಹ್ಯಾಕಾಶದ ಬಗ್ಗೆ ಏನಾದರೂ ಗೊತ್ತಾ?" ಎಂದು ಕೇಳಿದರು ಮುರಳಿ ಸರ್.

"ಏನೂ ಗೊತ್ತಿಲ್ರಿ. ದೇವೇಂದ್ರಗ ಅಂಗಿ ಹೊಲದೀನ್ರಿ."

ಅವರು, "ಅದೂ ಮೇಲಿನದೇ. ನಾಳೆಯಿಂದ ಬನ್ನಿ," ಎಂದರು.

ಈಗಿನವರಿಗೆ ಬೆಳ್ಳಿಯಂತೆ ಹೊಳೆಯುವ, ಗಾಳಿಯೂ ಆಡುವ ಬಟ್ಟೆ ಫೋನಿನಲ್ಲೇ ಆರಿಸಿದರೆ ಮನೆಗೆ ಬರುತ್ತದೆ. ನನಗೆ ಸಿಕ್ಕದ್ದು ಸ್ಕೂಟರ್ ಸೀಟಿಗೆ ಹಾಕುವ ರೆಕ್ಸಿನ್ ಮತ್ತು ಬಾಗಿಲಿಗೆ ಬಳಿಯುವ ಬೆಳ್ಳಿ ಬಣ್ಣ. ಗಂಗಾವತಿಯ ಬಿಸಿಲಿಗೆ ರೆಕ್ಸಿನ್ ಒಳಗೆ ಮಕ್ಕಳು ಬೆವೆತರು, ಬೆವರಿಗೆ ಬಣ್ಣ ಕರಗಿತು, ಸಂಜೆ ಮಕ್ಕಳು ಕುತ್ತಿಗೆ, ಕಿವಿ, ಮೂಗೆಲ್ಲ ಬೆಳ್ಳಿ ಮಾಡಿಕೊಂಡು ಮನೆಗೆ ಹೋದರು. ಗೀತಾಳ ತಾಯಿ ಮರುದಿನ ಬಂದು, "ಅಕ್ಕಾರ, ಎಣ್ಣಿ ಹಚ್ಚಿ ತಿಕ್ಕಿದ್ರೂ ಹೋಗವಲ್ದು. ಸಾಲ್ಯಾಗ ಎಲ್ಲಾರೂ ಇಕಿನ್ನ ಬೆಳ್ಳಿ ಬಟ್ಲ ಅಂತಾರ," ಎಂದು ಜಗಳಕ್ಕೆ ನಿಂತರು. ಅಂದೇ ಒಳಗೆ ತೆಳ್ಳನೆಯ ಹತ್ತಿ ಬಟ್ಟೆಯ ಅಸ್ತರು ಹಾಕಿದೆ. ಪಾತ್ರ ಯಾವುದೇ ಇರಲಿ, ಮೈಗೆ ತಾಕುವ ಬಟ್ಟೆ ಮೊದಲು, ಕಣ್ಣಿಗೆ ಕಾಣುವುದು ಆಮೇಲೆ. ಇದನ್ನು ಕೇಳಿ ಕೇಳಿ ನನ್ನ ಕೈಕೆಳಗೆ ಕೆಲಸ ಕಲಿತವರಿಗೆ ಸಾಕಾಗಿತ್ತು.

ತಲೆಗೆ ಹಾಕುವ ಶಿರಸ್ತ್ರಾಣಗಳನ್ನು ಕಿನ್ನಾಳದ ಗೊಂಬೆ ಮಾಡುವವರೊಬ್ಬರು ಹಗುರವಾಗಿ, ಚೆಲುವಾಗಿ ಮಾಡಿಕೊಟ್ಟರು. ಅವುಗಳನ್ನು ಸಕ್ಕರೆ ಚೀಲದ ಪಕ್ಕ ಇಟ್ಟದ್ದು ನಮ್ಮ ಚಹಾದವನು. ಅಂದು ಅದೃಶ್ಯ ಶತ್ರುಗಳು ಕಿರಣ ಬಿಟ್ಟು ಮಕ್ಕಳನ್ನು ಕಾಡುವ ದೃಶ್ಯ. "ಆ್ಯಕ್ಷನ್" ಎಂದದ್ದೇ ತಡ, ಗೀತಾ ಮಂಜು ಇಬ್ಬರೂ ತಲೆ ಕೊಡವಿ, ಕುಣಿದು, ನೆಲಕ್ಕೆ ಬಿದ್ದು ಹೊರಳಾಡಿದರು. ಮುರಳಿ ಸರ್ ಕಣ್ಣಲ್ಲಿ ನೀರು ಬಂತು. "ಇಂಥಾ ನಟನೆ ದೊಡ್ಡವರೂ ಮಾಡಲ್ಲ!" ಎಂದರು. ಒಳಗೆ ಕೆಂಪಿರುವೆ ಸೇರಿದ್ದವು. ದೃಶ್ಯ ಹಾಗೇ ಪ್ರಸಾರವಾಯಿತು.

ನೌಕೆ ಮಾಡಿದವರು ಇಮಾಮಸಾಬರು. ಕೊಪ್ಪಳದಲ್ಲಿ ತಗಡಿನ ಟ್ರಂಕು ಮಾಡುವುದು ಅವರ ಕಸುಬು. ಮುರಳಿ ಸರ್ ಕೊಟ್ಟ ಚಿತ್ರವನ್ನು ನೇರ ಹಿಡಿದು, ತಿರುಗಿಸಿ ಹಿಡಿದು, "ಇದರ ಬಾಯಿ ಯಾವ ಕಡೆ ಬರತೈತ್ರಿ?" ಎಂದು ಒಂದೇ ಪ್ರಶ್ನೆ ಕೇಳಿದರು. ಬಿದಿರಿನ ಹಂದರಕ್ಕೆ ತಗಡು ಬಡಿದು ಎರಡಾಳೆತ್ತರದ ನೌಕೆ ನಿಲ್ಲಿಸಿದರು. ಮುಂಭಾಗ ಮಾತ್ರ. ಹಿಂದೆ ಏನೂ ಇರಲಿಲ್ಲ. ಬಾಗಿಲಿನಿಂದ ಒಳಗೆ ಹೊಕ್ಕವರು ಸೀದಾ ಆ ಕಡೆಯ ಬಯಲಿಗೆ ಬರುತ್ತಿದ್ದರು. ಎಲ್ಲ ಸರಿ, ಆದರೆ ಬಾಗಿಲ ಹೊರಗೆ ಬೀಗ ಹಾಕುವ ಕೊಂಡಿ.

"ಸಾಬ್ರೇ, ಇದು ಅಂತರಿಕ್ಷ ನೌಕೆ. ಬಾಹ್ಯಾಕಾಶದಲ್ಲಿ ಬೀಗ ಯಾಕೆ?" ಎಂದರು ಮುರಳಿ ಸರ್.

"ಸಾಹೇಬ್ರ, ನೀವ ಹೇಳೀರಿ. ವಾರಕ್ಕೊಮ್ಮೆ ಕೆಟ್ಟ ಮಂದಿ ಬರತಾರ ಅಂತ. ಒಳಗ ಮಕ್ಕಳಿರತಾವ. ಕೊಂಡಿ ಇಲ್ಲದ ಬಾಗಿಲಾ ನಾ ಮಾಡಂಗಿಲ್ರಿ."

ಕೊಂಡಿ ಉಳಿಯಿತು.

ಇನ್ನು ಕ್ಯಾಪ್ಟನ್. ಕುಷ್ಟಗಿಯ ವೀರಭದ್ರಪ್ಪ ಮಾಸ್ತರು. ಕಂಪನಿ ನಾಟಕಗಳಲ್ಲಿ ಭೀಮ, ದುರ್ಯೋಧನ ಮಾಡಿ ಹೆಸರಾದವರು. ಎತ್ತರದ ಆಳು, ಗುಡುಗಿನಂಥ ದನಿ. ನೌಕೆಯೊಳಗೆ ಹೋಗುವ ಮೊದಲು ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ಕೊನೆಯವರೆಗೂ ಬಿಡಲಿಲ್ಲ. ಮೈಕಿನ ಅಭ್ಯಾಸ ಅವರಿಗಿರಲಿಲ್ಲ. ಕಡೆಯ ಸಾಲಿನವರಿಗೂ ಕೇಳಬೇಕೆಂದು ಕೂಗಿದರೆ ಗೋದಾಮಿನ ತಗಡು ಝಣಝಣ ಅನ್ನುತ್ತಿತ್ತು. ಬರೆದುಕೊಟ್ಟ ಮಾತು ಇಷ್ಟೇ: "ಯಂತ್ರ ಚಾಲೂ ಮಾಡು." ಮಾಸ್ತರು ತೊಡೆ ತಟ್ಟಿ, ಒಂದು ಕಾಲು ಮುಂದಿಟ್ಟು, "ಎಲೈ ಯಂತ್ರವೇ! ನಿನ್ನೊಡೆಯನ ಆಣತಿಯನ್ನಾಲಿಸು! ಈ ಕ್ಷಣವೇ ಗಗನಮಂಡಲವನ್ನು ಭೇದಿಸಿ ನಡೆ!" ಎಂದು ಅಬ್ಬರಿಸಿದರು.

"ಮಾಸ್ತರೇ, 'ಚಾಲೂ ಮಾಡು' ಅಂದರೆ ಸಾಕು," ಎಂದರು ಸರ್.

"ಅಲ್ರಿ, ಅಷ್ಟು ಸಣ್ಣ ಮಾತಿಗೆ ಅದು ಮ್ಯಾಲ ಏಳತೈತೇನ್ರಿ?" ಎಂದರು ಮಾಸ್ತರು.

ಧಾರಾವಾಹಿ ಶುರುವಾಗಿ ಕೆಲವು ವಾರ ಕಳೆಯುವಷ್ಟರಲ್ಲಿ ನಮ್ಮ ಊರುಗಳ ಹುಡುಗರೆಲ್ಲ ಸೈಕಲ್ ಹತ್ತುವಾಗ ತೊಡೆ ತಟ್ಟಿ "ಎಲೈ ಯಂತ್ರವೇ" ಎನ್ನತೊಡಗಿದ್ದರು. ಮುರಳಿ ಸರ್ ತಿದ್ದುವುದನ್ನು ಬಿಟ್ಟರು.

ಮುರಳಿ ಸರ್ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ಕೂಗುತ್ತಿದ್ದರು. ತಗಡಿನ ಕೊಳವೆ ಬಾಯಿಗಿಟ್ಟುಕೊಂಡು, ಪಕ್ಕದಲ್ಲೇ ನಿಂತಿದ್ದವರಿಗೂ ಅದರಲ್ಲೇ ಕೂಗುತ್ತಿದ್ದರು. ಕೂಗಿದ ಮೇಲೆ ಬಂದು, "ಶಾರದಾ, ಊಟ ಆಯ್ತಾ?" ಎಂದು ಮೆತ್ತಗೆ ಕೇಳುತ್ತಿದ್ದರು. ಈ ಕ್ಷೇತ್ರದಲ್ಲಿ ಕೂಗುವವರು ಬಹಳ ಮಂದಿ ಸಿಗುತ್ತಾರೆ. ಆಮೇಲೆ ಊಟ ವಿಚಾರಿಸುವವರ ಜೊತೆ ಕೆಲಸ ಮಾಡಿ.

ನಮ್ಮೆಲ್ಲರಿಗೂ ಗಂಡಾಂತರ ಬಂದದ್ದು ಕುರಿಗಳಿಂದ. ಗಂಗಾವತಿಯ ಬಂಡೆಗಳ ನಡುವೆ ಮಾಸ್ತರು ನಿಂತು, ದೂರಕ್ಕೆ ಕೈ ಚಾಚಿ, "ಅಕಟಕಟಾ! ಈ ಗ್ರಹದಲ್ಲಿ ಜೀವದ ಸುಳಿವೇ ಇಲ್ಲ!" ಎನ್ನುವ ದೃಶ್ಯ. ಅವರ ಬೆನ್ನ ಹಿಂದೆ ಬಂಡೆಯ ಸಂದಿಯಿಂದ ಒಂದು ಕುರಿ ಬಂತು. ಅದರ ಹಿಂದೆ ಹಿಂಡು. ಹಿಂಡಿನ ಹಿಂದೆ ಕಂಬಳಿ ಹೊದ್ದ ಕುರಿಗಾಹಿ, ಮಾಸ್ತರನ್ನೇ ನೋಡುತ್ತ, ಬೀಡಿ ಹೊತ್ತಿಸಿಕೊಳ್ಳುತ್ತ ನಿಧಾನಕ್ಕೆ ದಾಟಿಹೋದ. ಈಗಿನ ಹಾಗೆ ತೆಗೆದದ್ದನ್ನು ಆಗಲೇ ನೋಡುವ ಪರದೆ ನಮ್ಮಲ್ಲಿ ಇರಲಿಲ್ಲ. ಮುರಳಿ ಸರ್ ಮೋಡ ಬಂತೇ ಎಂದು ಆಕಾಶ ನೋಡುತ್ತಿದ್ದರು. ಕ್ಯಾಮೆರಾದವನು ಹೇಳಿದರೆ ಬೈಸಿಕೊಳ್ಳಬೇಕೆಂದು ಸುಮ್ಮನಿದ್ದ. ಆ ವಾರ ಅವಸರದಲ್ಲಿ ಯಾರೂ ಹಾಕಿ ನೋಡದೆಯೇ ಕೇಂದ್ರಕ್ಕೆ ಕಳಿಸಿದೆವು. ರವಿವಾರ ಬೆಳಿಗ್ಗೆ ಇಡೀ ರಾಜ್ಯ ನೋಡಿತು.

ಟಿವಿ ಕೇಂದ್ರದ ದೊಡ್ಡ ಸಾಹೇಬರು ಫೋನು ಮಾಡಿದರು. ಮಕ್ಕಳಿಗೆ ವಿಜ್ಞಾನ ಕಲಿಸಲು ಕೊಟ್ಟ ಸಮಯದಲ್ಲಿ ಕುರಿ ಮೇಯಿಸುತ್ತೀರಾ ಎಂದು ಕೇಳಿದರಂತೆ. ಮುಂದಿನ ಕಂತಿನ ಚಿತ್ರೀಕರಣಕ್ಕೆ ತಾವೇ ಬರುವುದಾಗಿಯೂ, ಅಂದು ಅಂತರಿಕ್ಷದಲ್ಲಿ ಒಂದೇ ಒಂದು ದನ, ಕರು, ಚಕ್ಕಡಿ ಕಂಡರೂ ಧಾರಾವಾಹಿ ನಿಲ್ಲಿಸುವುದಾಗಿಯೂ ಹೇಳಿದರು.

ಮುರಳಿ ಸರ್ ಕಂಗಾಲಾದರು. ಬಂಡೆ ಬೇಡ, ಬಂಡೆಯ ಸಂದಿಯಲ್ಲಿ ಏನಿರುತ್ತದೋ ಯಾರಿಗೆ ಗೊತ್ತು, ಬಟ್ಟಬಯಲು ಬೇಕು ಎಂದರು. ಯಲಬುರ್ಗಾ ಕಡೆಯ ಬೇವೂರಿನ ಹತ್ತಿರ ಎರಿ ಹೊಲ ಹುಡುಕಿದೆವು. ಹಿಂಗಾರಿ ಬಿತ್ತನೆಗೆಂದು ಬಿಟ್ಟ ಖಾಲಿ ನೆಲ, ಕಣ್ಣು ಹಾಯಿಸಿದಷ್ಟು ಕಪ್ಪು. ಒಂದು ಗಿಡ ಇಲ್ಲ, ಒಂದು ಕುರಿ ಇಲ್ಲ. "ಇದು ಗ್ರಹ ಅಂದರೆ!" ಎಂದು ಸರ್ ಕೈ ಉಜ್ಜಿಕೊಂಡರು. ಹಿಂದಿನ ಸಂಜೆಯೇ ನೌಕೆಯನ್ನು ಹೊಲದ ನಡುವೆ ನಿಲ್ಲಿಸಿ, ಹಗ್ಗ ಬಿಗಿದು ಊರಿಗೆ ಬಂದೆವು. ಅದು ಆಷಾಢ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಬೆಳಿಗ್ಗೆ ಹೋದರೆ ನೌಕೆ ಇಲ್ಲ. ಹಗ್ಗ ಇದೆ, ಗೂಟ ಇದೆ, ಬೆಳ್ಳಿಚುಕ್ಕಿ ಹೋಗಿದೆ.

ಸಾಹೇಬರು ಬರುವ ಹೊತ್ತು. ಮಾಸ್ತರು, ಮಕ್ಕಳು ಆಗಲೇ ಅಂತರಿಕ್ಷ ಉಡುಪಿನಲ್ಲಿದ್ದರು. ಅದೇ ವೇಷದಲ್ಲಿ ಎಲ್ಲರೂ ಗಾಳಿ ಬೀಸಿದ ದಿಕ್ಕಿಗೆ ಬದುವಿನಗುಂಟ ನಡೆದೆವು. ತಳಕಲ್ ಕಡೆಯಿಂದ ಸೈಕಲ್ ಮೇಲೆ ಬರುತ್ತಿದ್ದ ಒಬ್ಬರನ್ನು ಇಮಾಮಸಾಬರು ನಿಲ್ಲಿಸಿ, "ಅಣ್ಣಾರ, ಈ ಕಡೆ ಒಂದು ನೌಕಾ ಹೋಗಿದ್ದು ಕಂಡೀರೇನ್ರಿ?" ಎಂದು ಕೇಳಿದರು.

ಆತ ಬೆಳ್ಳಿ ಬಟ್ಟೆ ತೊಟ್ಟ ಮಾಸ್ತರನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮನ್ನ ಬಿಟ್ಟು ಹೋಗೈತೇನ್ರಿ?" ಎಂದರು.

ಒಂದೆರಡು ಹೊಲ ದಾಟಿದ ಮೇಲೆ ಸಿಕ್ಕಿತು. ಹೊಲದಂಚಿನ ಒಂದು ಮನೆಯ ಪಕ್ಕ, ಕುಸಿದ ಕೊಟ್ಟಿಗೆಯ ಮುಂದೆ, ಬೆಳ್ಳಿಚುಕ್ಕಿ ನೆಟ್ಟಗೆ ನಿಂತಿತ್ತು. ಎರಡು ಬದಿಗೂ ಗಳ ಊರಿ ಭದ್ರ ಮಾಡಿದ್ದರು. ಬಾಗಿಲ ಕೊಂಡಿಗೆ ಬೀಗ. ಅದಕ್ಕೂ ಮನೆಯ ಗೋಡೆಗೂ ನಡುವಿನಿಂದ ಎಮ್ಮೆ ಕೂಗುತ್ತಿತ್ತು.

ಇಮಾಮಸಾಬರು ಕೊಂಡಿಯನ್ನು ನೋಡಿದರು, ಮುರಳಿ ಸರ್ ಮುಖ ನೋಡಿದರು.

ಮನೆಯಿಂದ ಒಬ್ಬ ಅಜ್ಜಿ ಬಂದಳು. ಹನುಮವ್ವ. ಸಣ್ಣ ದೇಹ, ಕಚ್ಚೆ ಹಾಕಿ ಉಟ್ಟ ಇಳಕಲ್ ಸೀರೆ, ಸೊಂಟದಲ್ಲಿ ಬೀಗದ ಕೈ. ಬೆಳ್ಳಿ ಮನುಷ್ಯರನ್ನು ಕಂಡು ಆಕೆಗೆ ಒಂದಿಷ್ಟೂ ಗಾಬರಿ ಆದಂತೆ ಕಾಣಲಿಲ್ಲ.

"ನಿಮ್ದೇನು ಈ ತಗಡು?"

"ಅದು ತಗಡಲ್ಲ ಅಮ್ಮಾ, ನೌಕೆ. ದಯವಿಟ್ಟು ಕೊಡಿ, ತುಂಬಾ ಅರ್ಜೆಂಟು," ಎಂದರು ಸರ್.

"ಏನರ ಇರಲಿ. ಹಾರಿ ಬಂದು ನನ್ನ ಕೊಟ್ಟಗಿ ಕೆಡವೈತಿ. ಎಮ್ಮಿ ಎಲ್ಲಿ ಕಟ್ಟಲಿ ನಾ? ಕೊಟ್ಟಗಿ ಮೊದಲಿನಂಗ ಹಾಕಿಕೊಡ್ರಿ, ನಿಮ್ದು ನೀವು ಒಯ್ರಿ."

"ದುಡ್ಡು ಕೊಡ್ತೀವಮ್ಮಾ."

"ರೊಕ್ಕದ ಕೆಳಗ ಎಮ್ಮಿ ನಿಂದರತೈತೇನು?"

ಆಕೆಯ ಮಾತಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಇಮಾಮಸಾಬರು ಆಗಲೇ ತೋಳು ಮಡಚಿ ಬಿದ್ದ ಗಳಗಳನ್ನು ಎತ್ತತೊಡಗಿದರು. ಅಷ್ಟರಲ್ಲಿ ಮಾಸ್ತರು ಇದು ರಾಜಕಾರ್ಯ ಎಂದು ತಿಳಿದು ಮುಂದೆ ಬಂದು, ಒಂದು ಮೊಣಕಾಲೂರಿ, ಕೈ ಮುಗಿದು, "ಹೇ ಈ ಗ್ರಹದ ಮಹಾರಾಣಿಯೇ! ಅನಂತ ಗಗನದಲ್ಲಿ ದಾರಿ ತಪ್ಪಿ ಬಂದ ಯಾತ್ರಿಕರು ನಾವು! ನಮ್ಮ ವಾಹನವನ್ನು ಕರುಣಿಸು!" ಎಂದು ಶುರುಮಾಡಿದರು.

"ದಾರಿ ತಪ್ಪಿ ಬಂದವರು ಕೇಳಿ ಬರಬೇಕಪ್ಪ, ಮನೀ ಕೆಡವಿ ಬರತಾರೇನು?" ಎಂದಳು ಹನುಮವ್ವ.

ಇದೇ ಈ ವಾರದ ಕಂತು ಎಂದು ಹೊಳೆದು ಮುರಳಿ ಸರ್ ಮುಖ ಅರಳಿತು. ತಮ್ಮ ಕೊಳವೆಯನ್ನು ನನ್ನ ಕೈಗೆ ಕೊಟ್ಟು, ಕ್ಯಾಮೆರಾದವನಿಗೆ ಕಣ್ಣು ಸನ್ನೆ ಮಾಡಿದರು. ಕ್ಯಾಮೆರಾ ಹೆಗಲಿಗೇರಿದ್ದನ್ನು ಹನುಮವ್ವ ಕಂಡಳು.

"ಅದೇನದು?"

"ಕ್ಯಾಮೆರಾ ಅಮ್ಮಾ. ಟಿವಿಯಲ್ಲಿ ಬರುತ್ತೆ. ಬೇಡ ಅಂದರೆ ನಿಲ್ಲಿಸ್ತೀವಿ."

"ಯಾಕ ಬ್ಯಾಡ? ಹಿಡೀರಿ. ನೀವು ಮಾಡಿದ್ದು ಊರೆಲ್ಲಾ ನೋಡ್ಲಿ."

ಆಮೇಲೆ ನಡೆದದ್ದು ಯಾರೂ ಬರೆದದ್ದಲ್ಲ. ಮಾಸ್ತರು ನಕ್ಷತ್ರಮಂಡಲಗಳ ಆಣೆ ಇಟ್ಟರು. ಹನುಮವ್ವ ಕೊಟ್ಟಿಗೆಯ ಒಂದೊಂದು ಗಳ ಎಲ್ಲಿಂದ ತಂದದ್ದೆಂದು ಹೇಳಿದಳು. ಗೀತಾ ನಡುವೆ ಬಂದು, "ಅಜ್ಜಿ, ನಾವೂ ಹಿಡೀತೀವಿ," ಎಂದು ಸೋಗೆ ಹೊತ್ತಳು, ಮಂಜು ಹಗ್ಗ ತಂದ. ಬೆಳ್ಳಿ ಬಟ್ಟೆಯಲ್ಲೇ ಮಾಸ್ತರು ಕಂಬ ನೆಟ್ಟರು. ಹೊಲಿಗೆ ಎಲ್ಲಿ ಬಿಡುತ್ತದೋ ಎಂದು ನಾನು ಸೂಜಿ ದಾರ ಹಿಡಿದು ಕ್ಯಾಮೆರಾದ ಪಕ್ಕ ನಿಂತಿದ್ದೆ.

ಆ ಹೊತ್ತಿಗೆ ನಮ್ಮನ್ನು ಹುಡುಕಿಕೊಂಡು ಜೀಪಿನಲ್ಲಿ ದೊಡ್ಡ ಸಾಹೇಬರು ಬಂದಿಳಿದರು. ಸಫಾರಿ ಸೂಟು, ಕಪ್ಪು ಕನ್ನಡಕ. ಏನಾಗುತ್ತಿದೆ ಎಂದು ತಿಳಿಯದೆ ಬಂದು ಸರಿಯಾಗಿ ಕ್ಯಾಮೆರಾದ ಎದುರಿಗೇ ನಿಂತರು. ಹನುಮವ್ವ ತಿರುಗಿ ನೋಡಿದಳು.

"ನೀ ಯಾರಪ್ಪಾ? ಎಲ್ಲಾರೂ ದುಡೀತಾರ, ನೀ ಸುಮ್ಮ ನಿಂತೀಯಲ್ಲ. ಬಾ, ಈ ಗಳ ಹಿಡಿ."

ಸಾಹೇಬರಿಗೆ ಹಾಗೆ ಹೇಳಿದವರು ಬಹಳ ವರ್ಷಗಳಿಂದ ಯಾರೂ ಇರಲಿಲ್ಲವೇನೋ. ಕನ್ನಡಕ ಜೇಬಿಗಿಟ್ಟು ಗಳ ಹಿಡಿದರು. ಚಪ್ಪರ ಮೇಲೇರುವವರೆಗೂ ಬಿಡಲು ಆಕೆ ಬಿಡಲಿಲ್ಲ. ಹನುಮವ್ವ ಸೊಂಟದ ಬೀಗದ ಕೈ ತೆಗೆದು ನೌಕೆಯ ಬಾಗಿಲು ಬಿಚ್ಚಿದಳು. ಎಮ್ಮೆ ಹೊಸ ಕೊಟ್ಟಿಗೆಗೆ ಹೋಯಿತು, ನೌಕೆ ನಮಗೆ ಬಂತು.

ಚಿತ್ರೀಕರಿಸಿದ್ದನ್ನು ಗೋದಾಮಿನಲ್ಲಿ ಹಾಕಿ ಸಾಹೇಬರಿಗೆ ತೋರಿಸಿದೆವು. ಇದರಲ್ಲಿ ಎಮ್ಮೆಯಿತ್ತು, ಕೊಟ್ಟಿಗೆಯಿತ್ತು, ಸಗಣಿಯೂ ಇತ್ತು. ಸಾಹೇಬರು ಕೊನೆಯವರೆಗೂ ನೋಡಿ, ಕೆಮ್ಮಿ, "ನನ್ನನ್ನ ಮಾತ್ರ ಇದರಿಂದ ತೆಗೆದುಬಿಡಿ," ಎಂದರು.

"ತೆಗೆದರೆ ಚಪ್ಪರ ಬೀಳುತ್ತೆ ಸರ್," ಎಂದರು ಮುರಳಿ ಸರ್.

ಹಾಗೆ ಸಾಹೇಬರೂ ಆ ಗ್ರಹದ ಒಬ್ಬ ಪ್ರಜೆಯಾಗಿ ಪ್ರಸಾರವಾದರು. ಧಾರಾವಾಹಿ ನಿಲ್ಲಿಸುವ ಮಾತು ಮತ್ತೆ ಬರಲಿಲ್ಲ.

ಆದರೆ ಮಕ್ಕಳು ಸುಮ್ಮನಿರಲಿಲ್ಲ. ಆ ಗ್ರಹದ ಅಜ್ಜಿ ಮತ್ತೆ ಯಾವಾಗ ಬರುತ್ತಾಳೆ ಎಂದು ಎಲ್ಲೆಡೆಯಿಂದ ಪತ್ರ. ಸಿದ್ದಾಪುರದಲ್ಲಿ ನಮ್ಮ ವ್ಯಾನು ಕಂಡು ಹುಡುಗರು ಅಡ್ಡಗಟ್ಟಿ ಕೇಳಿದರು. ಮುರಳಿ ಸರ್ ಬೇವೂರಿಗೆ ಹೋಗಿ ಹನುಮವ್ವನನ್ನು ಒಪ್ಪಿಸಿದರು. ಎಮ್ಮೆ ಕರೆಯುವ ಹೊತ್ತಿಗೆ ಬಿಡಬೇಕು ಎಂಬುದೊಂದೇ ಆಕೆಯ ಕರಾರು.

ನಾನು ಹುರುಪಿನಿಂದ ಮಹಾರಾಣಿಗೆಂದು ಒಂದು ಉಡುಪು ಹೊಲಿದೆ. ಬೆಳ್ಳಿ ನಿಲುವಂಗಿ, ಹೆಗಲಿಗೆ ರೆಕ್ಕೆಯಂಥ ಪಟ್ಟಿ, ತಲೆಗೆ ತಂತಿಯ ಕಿರೀಟ. ಹನುಮವ್ವ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು.

"ಇದು ಯಾರಿಗೆ ತಂಗಿ?"

"ನಿಮಗರಿ ಅಜ್ಜಿ. ನಿಮ್ಮ ಗ್ರಹದಾಗ ಹಿಂಗ ಉಡತಾರ."

"ಗ್ರಹ ಯಾರ್ದು?"

"ನಿಮ್ದರಿ."

"ಹಂಗಾರ ನನ್ನ ಗ್ರಹದಾಗ ಏನ ಉಡತಾರ ಅಂತ ನನಗ ಗೊತ್ತಿರತೈತೋ, ನಿನಗೋ?"

ನಾನು ಉಡುಪು ಮಡಚಿಟ್ಟೆ. ಆಕೆ ಇಳಕಲ್ ಸೀರೆಯಲ್ಲೇ ನಿಂತಳು. ಗೀತಾಳ ಕೈಯಲ್ಲಿ ಒಂದು ವಾಕ್ಯ ಹೇಳಿಸಿದೆವು: "ಈ ಗ್ರಹದ ಜನ ನಮ್ಮ ಭೂಮಿಯವರ ಹಾಗೇ ಇದಾರಲ್ಲ!" ಅದಕ್ಕೆ ಹನುಮವ್ವ ತಾನಾಗಿ ಸೇರಿಸಿದ್ದು: "ನೀವು ನಮ್ಮಂಗದೀರಿ."

ಎರಡು ವರ್ಷದ ಮೇಲೆ ಧಾರಾವಾಹಿ ಮುಗಿಸಲು ಕೇಂದ್ರದಿಂದ ಹೇಳಿಕೆ ಬಂತು. ತಪ್ಪೇನೂ ಆಗಿರಲಿಲ್ಲ. ರವಿವಾರದ ಹೊತ್ತು ಬೇರೆ ಕಾರ್ಯಕ್ರಮಕ್ಕೆ ಬೇಕಾಗಿತ್ತು. ಮುರಳಿ ಸರ್ ಕೊನೆಯ ಕಂತನ್ನು ಜನ ಮರೆಯಬಾರದು ಎಂದು ಹಟಕ್ಕೆ ಬಿದ್ದು ಬರೆದರು. ಶತ್ರುಗಳು ಅಜ್ಜಿಯ ಗ್ರಹವನ್ನೇ ಸ್ಫೋಟಿಸುತ್ತಾರೆ. ನೌಕೆ ಕಡೆಯ ಕ್ಷಣದಲ್ಲಿ ಪಾರಾಗುತ್ತದೆ. ಇಮಾಮಸಾಬರು ಗ್ರಹದ ಒಂದು ಗೋಲ ಮಾಡಿ, ಒಳಗೆ ಪಟಾಕಿ ಮದ್ದು ತುಂಬುವ ವಿದ್ಯೆ ತಮಗೆ ಬರುತ್ತದೆಂದು ಹಿಂದಿನ ದಿನವಷ್ಟೇ ಹೇಳಿಕೊಂಡಿದ್ದರು.

ಬೇವೂರಿನ ಹೊಲದ ಬದುವಿನ ಮೇಲೆ ಕೂತು ಸರ್ ಕಥೆ ಓದಿ ಹೇಳಿದರು. ಹನುಮವ್ವ ಕೊನೆಯವರೆಗೂ ಕೇಳಿದಳು.

"ಸುಡತೀರಿ?"

"ನಿಜವಾಗಿ ಅಲ್ಲಮ್ಮಾ. ಬರೀ ಗೋಲ."

"ಗೋಲದಾಗ ನಾ ಅದೀನೇನು?"

"ಕಥೆಯಲ್ಲಿ ಇದೀರ."

"ನನ್ನ ಎಮ್ಮಿ?"

ಸರ್ ಕಥೆಯ ಹಾಳೆ ತಿರುವಿದರು.

"ಬ್ಯಾಡಪ್ಪ," ಎಂದಳು ಆಕೆ. "ಇಷ್ಟು ದಿನ ಆ ಹುಡುಗ್ರು ಅಜ್ಜಿ ಅಜ್ಜಿ ಅಂದಾವ. ಕಡೀ ದಿನ ಅವರ ಕಣ್ಣ ಮುಂದ ಅಜ್ಜೀನ ಸುಟ್ಟು, ಹೋಗ್ರಿ ಇನ್ನ ಮನಿಗೆ ಅಂತೀರೇನು? ಆ ಕೂಸುಗಳು ಮಧ್ಯಾಹ್ನ ಉಣತಾವೇನು?"

ಮುರಳಿ ಸರ್‌ಗೆ ಸಿಟ್ಟು ಬಂತು. ಎದುರಿಗೇ ಕೂತವಳಿಗೆ ಕೊಳವೆಯಲ್ಲಿ ಕೂಗಿದರು: "ಇದು ನನ್ನ ಧಾರಾವಾಹಿ!"

"ಇರಬಹುದು. ಗ್ರಹ ನಂದು."

ಮಾಸ್ತರು ಎದ್ದು ಹನುಮವ್ವನ ಪಕ್ಕ ಹೋಗಿ ಕೂತರು. "ಗ್ರಹ ಸುಡೂದಾದ್ರ ನಾನೂ ಇಲ್ಲೇ ಇರತೀನ್ರಿ. ಒಬ್ಬಾಕಿ ಮುದುಕಿನ್ನ ಬಿಟ್ಟು ಓಡಿಹೋಗೂ ಪಾರ್ಟ ನಾ ಇವತ್ತಿನ ತನಕ ಮಾಡಿಲ್ಲ." ಇಮಾಮಸಾಬರು ಮೂಗು ತುರಿಸಿಕೊಂಡು, "ಮದ್ದು ತುಂಬಾಕ ನನಗ ಸರಿಯಾಗಿ ಬರಂಗಿಲ್ರಿ ಸಾಹೇಬ್ರ," ಎಂದರು.

ಸರ್ ಎದ್ದು ಹೊಲದ ನಡುವಿಗೆ ಹೋಗಿ ಒಬ್ಬರೇ ನಿಂತರು. ಮೊದಲ ಸಲ ಅವರು ಕೂಗಿದ ಮೇಲೆ ಯಾರ ಊಟವನ್ನೂ ವಿಚಾರಿಸಲಿಲ್ಲ. ನಾನು ಚಹಾ ತೆಗೆದುಕೊಂಡು ಹೋದೆ. ಕಣ್ಣು ಕೆಂಪಾಗಿದ್ದವು. ಅವರಿಗೂ ಇದು ಮುಗಿಯುವುದು ಬೇಕಿರಲಿಲ್ಲ ಎಂದು ಆಗ ನನಗೆ ಹೊಳೆಯಿತು.

"ಶಾರದಾ, ಸ್ಫೋಟ ಇಲ್ಲದೆ ಹೇಗಮ್ಮ ಮುಗಿಸೋದು?"

"ನನಗ ಗೊತ್ತಿಲ್ರಿ ಸರ್. ಊರು ಬಿಟ್ಟು ಹೋಗೂವಾಗ ನಾವಂತೂ ಹೇಳಿ ಹೋಗತೀವ್ರಿ."

ಚಹಾ ಕುಡಿದು ಕಪ್ಪು ನನ್ನ ಕೈಗೆ ಕೊಟ್ಟರು. ಬಂದು, ಯಾರ ಮುಖವನ್ನೂ ನೋಡದೆ, "ನೌಕೆ ನಿಲ್ಲಿಸಿ. ಬೀಳ್ಕೊಡುಗೆ ತೆಗೀತೀವಿ," ಎಂದರು.

ಸಂಜೆಯ ಬಿಸಿಲು. ಕಪ್ಪು ನೆಲದ ಮೇಲೆ ಬೆಳ್ಳಿಚುಕ್ಕಿ ನಿಂತಿತ್ತು. ಮಾಸ್ತರು ದೊಡ್ಡದೊಂದು ವಿದಾಯ ಭಾಷಣ ಕಟ್ಟಿಕೊಂಡಿದ್ದರು. "ಎಲೈ ಕರುಣಾಳು ಮಾತೆಯೇ" ಎಂದು ಶುರುಮಾಡಿ ಸೂರ್ಯ ಚಂದ್ರರನ್ನು ಕರೆಯುವಷ್ಟರಲ್ಲಿ ಹನುಮವ್ವ, "ಸಾಕು ಬಿಡಪ್ಪ, ಹೊತ್ತು ಮುಳಗತೈತಿ," ಎಂದು ಆತನನ್ನು ಬದಿಗೆ ಸರಿಸಿ ಮಕ್ಕಳ ಮುಂದೆ ಬಂದಳು. ಸೆರಗಿನೊಳಗಿಂದ ಒಂದು ಬಟ್ಟೆಯ ಗಂಟು ತೆಗೆದಳು. ಇದು ಯಾರಿಗೂ ಗೊತ್ತಿರಲಿಲ್ಲ.

"ಏನಜ್ಜಿ ಇದು?" ಎಂದಳು ಗೀತಾ.

"ರೊಟ್ಟಿ, ಶೇಂಗಾ ಚಟ್ನಿ. ಅಷ್ಟು ದೂರ ಹೊಂಟೀರಿ. ದಾರ್ಯಾಗ ಯಾವ ಊರು ಸಿಗತೈತಿ?"

ಗೀತಾ ಗಂಟು ಎದೆಗವಚಿಕೊಂಡಳು. ಮಂಜು ಅಳು ತಡೆಯಲು ಶಿರಸ್ತ್ರಾಣ ಹಾಕಿಕೊಂಡ. ಮೂವರೂ ನೌಕೆಯೊಳಗೆ ಹೋದರು, ಬಾಗಿಲು ಮುಚ್ಚಿತು. ಅವರು ಹಿಂದಿನಿಂದ ಹೊರಬಂದು, ಸದ್ದಿಲ್ಲದೆ ಸುತ್ತು ಹಾಕಿ ಕ್ಯಾಮೆರಾದ ಹಿಂದೆ ನನ್ನ ಪಕ್ಕ ಬಂದು ನಿಂತರು. ಗಂಟು ಬಿಚ್ಚಿ ಆಗಲೇ ರೊಟ್ಟಿ ಮುರಿದಿದ್ದರು.

"ನೌಕೆ ಏಳ್ತಾ ಇದೆ ಅಮ್ಮಾ, ಮೇಲೆ ನೋಡಿ," ಎಂದರು ಮುರಳಿ ಸರ್. ಕೊಳವೆ ಇಲ್ಲದೆ, ಮೆತ್ತಗೆ.

ಹನುಮವ್ವ ಹಣೆಗೆ ಕೈ ಅಡ್ಡ ಹಿಡಿದು ತಲೆ ಎತ್ತಿದಳು. ಮೊದಲು ನೆಲದ ಹತ್ತಿರ, ಆಮೇಲೆ ಮೇಲೆ, ಇನ್ನೂ ಮೇಲೆ, ನಿಧಾನಕ್ಕೆ ಆಕೆಯ ಕಣ್ಣು ಒಂದನ್ನೇ ಹಿಂಬಾಲಿಸುತ್ತ ಹೋಯಿತು. ಇಮಾಮಸಾಬರು ತಿರುಗಿ ಆ ಕಡೆ ನೋಡಿದರು. ಮಾಸ್ತರೂ ನೋಡಿದರು. ನಾನೂ ನೋಡಿದೆ. ಗೀತಾ, ಮಂಜು ರೊಟ್ಟಿ ಅಗಿಯುತ್ತ, ತಾವೇ ಕೂತು ಹೋಗುತ್ತಿದ್ದ ನೌಕೆ ಎಲ್ಲಿದೆ ಎಂದು ಕುತ್ತಿಗೆ ಚಾಚಿ ಹುಡುಕಿದರು. ಸರ್ 'ಕಟ್' ಎನ್ನುವುದನ್ನು ಮರೆತು ಬರಿಯ ಆಕಾಶ ನೋಡುತ್ತಿದ್ದರು. ಕೊನೆಗೆ ಕ್ಯಾಮೆರಾದವನೇ, "ಅಜ್ಜಿ, ಮುಗೀತು," ಎಂದ.

ಹನುಮವ್ವ ಹಣೆಯ ಮೇಲಿನ ಕೈ ಇಳಿಸಲಿಲ್ಲ.

"ತಡೀಯಪ್ಪ," ಎಂದಳು. "ಇನ್ನೂ ಕಾಣಸ್ತಾರ."